ಅವಳ ಮುಡಿ, ಅಮ್ಮನ ಹರಕೆ

ನಮ್ಮ ಮನೆಯಲ್ಲಿ ದೇವರ ಜೊತೆ ವ್ಯವಹಾರ ಮಾತಾಡುವ ಅಧಿಕಾರ ಇರುವುದು ಅಮ್ಮನಿಗೆ ಮಾತ್ರ. ನಾನು ಕೈಮುಗಿಯುತ್ತೇನೆ, ನನ್ನ ಹೆಂಡತಿ ದೀಪ ಹಚ್ಚುತ್ತಾಳೆ. ಆದರೆ ಏನು ಕೇಳಬೇಕು, ಕೇಳಿದ್ದಕ್ಕೆ ಬದಲಾಗಿ ಏನು ಕೊಡಬೇಕು ಎಂದು ತೀರ್ಮಾನಿಸುವವಳು ಅಮ್ಮ. ನಾನು ಎಸ್ಸೆಸ್ಸೆಲ್ಸಿ ಪಾಸಾಗಲಿ ಎಂದು ವಿದುರಾಶ್ವತ್ಥದ ನಾಗರಕಲ್ಲಿಗೆ ಹಾಲೆರೆದಳು. ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ನನ್ನ ಕೆಲಸ ಕಾಯಂ ಆಗಲಿ ಎಂದು ಶನಿವಾರ ಶನಿವಾರ ಒಪ್ಪತ್ತು ಇದ್ದಳು. ಎರಡೂ ನಡೆಯಿತು. ಆಮೇಲೆ ಅವಳನ್ನು ಹಿಡಿಯುವವರೇ ಇಲ್ಲವಾದರು.

ಹೆಂಡತಿಯ ಎದೆಯಲ್ಲಿರುವ ಗಂಟು ಕ್ಯಾನ್ಸರ್ ಎಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ಹೇಳಿದ ದಿನ, ನಾವು ಗೌರಿಬಿದನೂರಿಗೆ ವಾಪಸ್ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಅಮ್ಮ ಮಾತುಕತೆ ಮುಗಿಸಿಬಿಟ್ಟಿದ್ದಳು. ಫೋನಿನಲ್ಲಿ ನಾನು ಹೇಳಿದ್ದನ್ನು ಕೇಳಿಸಿಕೊಂಡವಳೇ ತಲೆಗೆ ನೀರು ಹಾಕಿಕೊಂಡು, ಅರಿಶಿನ ಹಚ್ಚಿದ ಬಟ್ಟೆಯಲ್ಲಿ ನಾಣ್ಯ ಕಟ್ಟಿ ದೇವರ ಗೂಡಿನಲ್ಲಿಟ್ಟಿದ್ದಳು. ನಮ್ಮ ಹುಡುಗಿ ವಾಸಿಯಾದರೆ ಅವಳ ಮುಡಿಯನ್ನು ತಿರುಪತಿ ತಿಮ್ಮಪ್ಪನಿಗೆ ಕೊಡಿಸುತ್ತೇನೆ ಎಂಬುದು ಹರಕೆ. ತುದಿಗೆ ಮೂರು ಕತ್ತರಿ ಹಾಕಿಸುವ ಹರಕೆಯಲ್ಲ, ಪೂರ್ತಿ ಮುಡಿಯೇ.

"ನಿಮ್ಮ ಮುಡಿ ಕೊಡ್ತೀನಿ ಅನ್ಬಾರ್ದಿತ್ತಾ ಅತ್ತೆ?" ಎಂದಳು ಹೆಂಡತಿ. ದಾರಿಯುದ್ದಕ್ಕೂ ಅವಳು ಆಡಿರದ ಮಾತೆಲ್ಲ ಸೇರಿ ಅಲ್ಲಿ ಬಂದ ಹಾಗಿತ್ತು.

"ನಂದ್ರಾಗೆ ಏನೈತಮ್ಮ, ಇಲಿ ಬಾಲ. ಅವನಿಗೆ ಕೊಡೋದಾದ್ರೆ ಒಳ್ಳೇದು ಕೊಡ್ಬೇಕು" ಎಂದಳು ಅಮ್ಮ. ನಂತರ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ನನ್ನನ್ನು ಯಾರೂ ಕರೆಯಲಿಲ್ಲ.

ಕರೆಯದಿದ್ದುದರಲ್ಲಿ ಆಶ್ಚರ್ಯವಿಲ್ಲ. ನನ್ನ ಹೆಂಡತಿ ನನ್ನ ಸೋದರಮಾವನ ಮಗಳು. ಅಮ್ಮನಿಗೆ ಸೊಸೆಯಾಗುವ ಮೊದಲೇ ತವರಿನ ಕೂಸು. ಇಬ್ಬರೂ ಚಿಂತಾಮಣಿ ಕಡೆಯ ಕೆಂಚಾರ್ಲಹಳ್ಳಿಯವರು. ಜಗಳ ಜೋರಾದಾಗ, ಇಲ್ಲವೇ ಪ್ರೀತಿ ಉಕ್ಕಿದಾಗ ಕನ್ನಡ ಬಿಟ್ಟು ತೆಲುಗಿಗೆ ಹೋಗುತ್ತಾರೆ. ನನ್ನನ್ನು ಅವಳು ಚಿಕ್ಕಂದಿನಿಂದ ಬಾವ ಎಂದೇ ಕರೆದದ್ದು, ಈಗಲೂ ಬಾವನೇ. ಬೇಸಿಗೆ ರಜೆಯಲ್ಲಿ ಅವಳು ನಮ್ಮ ಮನೆಗೆ ಬಂದರೆ ಅಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿಕೊಂಡು ಹರಳೆಣ್ಣೆ ಹಚ್ಚಿ, ಹೇನು ತೆಗೆದು, ಬಿಗಿಯಾಗಿ ಜಡೆ ಹಾಕುತ್ತಿದ್ದಳು. ಆ ಮನೆತನದ ಹೆಣ್ಣುಮಕ್ಕಳ ಕೂದಲು ಸುತ್ತಲ ಹಳ್ಳಿಗಳಲ್ಲೆಲ್ಲ ಹೆಸರುವಾಸಿ. ನಮ್ಮ ಮದುವೆಯಲ್ಲಿ ಮೊಗ್ಗಿನ ಜಡೆ ಹೆಣೆಯಲು ಬಂದವಳು ಉದ್ದಕ್ಕೆ ಸೇರಿಸುವ ಚೌಲಿ ತಂದಿದ್ದಳಂತೆ. ಇದಕ್ಕೆ ಚೌಲಿ ಸೇರಿಸಿದರೆ ಹುಡುಗಿ ಜಡೆ ತುಳಿದು ಬೀಳುತ್ತಾಳೆ ಎಂದು ಚೀಲಕ್ಕೆ ವಾಪಸ್ ಹಾಕಿಕೊಂಡಳಂತೆ. ಅಮ್ಮ ಇದನ್ನು ಸಾವಿರ ಸಲ ಹೇಳಿದ್ದಾಳೆ.

ಆ ಕೂದಲು ಎರಡನೇ ಇಂಜೆಕ್ಷನ್ ಆಗುವ ಮೊದಲೇ ಹೋಯಿತು. ಉದುರುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು, ಆದರೂ ಹೇಳಿದ್ದು ಬೇರೆ, ಕಂಡದ್ದು ಬೇರೆ. ದಿಂಬಿನ ಮೇಲೆ, ಬಚ್ಚಲಿನ ತೂಬಿನಲ್ಲಿ, ಸೀರೆಯ ನೆರಿಗೆಯಲ್ಲಿ, ಒಂದು ದಿನ ಸಾರಿನಲ್ಲಿ. ಸಾರಿನಲ್ಲಿ ಕಂಡ ದಿನ ಅವಳು ತಟ್ಟೆ ಸರಿಸಿ, ಇನ್ನು ಉಳಿದದ್ದನ್ನೂ ತೆಗೆದುಬಿಡು ಎಂದು ಕತ್ತರಿ ತಂದು ನನ್ನ ಕೈಗೆ ಕೊಟ್ಟಳು. ನಾನು ಕತ್ತರಿ ಹಿಡಿದು ನಿಂತೇ ಇದ್ದೆ. ಅಮ್ಮ ನನ್ನ ಕೈಯಿಂದ ಕತ್ತರಿ ಕಿತ್ತುಕೊಂಡು ಅವಳನ್ನು ಅದೇ ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿ ತಾನೇ ಕತ್ತರಿಸಿದಳು.

"ನೋಡಿ ಅತ್ತೆ, ನಿಮ್ಮ ತಿಮ್ಮಪ್ಪ ಕೆಲ್ಸ ಮಾಡೋಕ್ಮುಂಚೆನೇ ಕೂಲಿ ಈಸ್ಕೊಂಡ" ಎಂದು ಹೆಂಡತಿ ನಕ್ಕಳು.

ಅಮ್ಮ ನಗಲಿಲ್ಲ. "ಇದು ಲೆಕ್ಕಕ್ಕಿಲ್ಲ. ಇದು ಕಾಯ್ಲೆ ತಗಂಡಿದ್ದು, ನಾವು ಅವನಿಗೆ ಕೊಟ್ಟಿದ್ದಲ್ಲ" ಎಂದಳು. ಹೊಸದಾಗಿ ಬರುತ್ತದಲ್ಲ, ಆ ಮುಡಿಯೇ ಹರಕೆಯದು ಎಂದು ಅಲ್ಲೇ ತೀರ್ಪಾಯಿತು. ತಲೆಯ ಮೇಲೆ ಒಂದು ಕೂದಲೂ ಇಲ್ಲದ ಹೊತ್ತಿನಲ್ಲಿ, ಇನ್ನೂ ಹುಟ್ಟದ ಕೂದಲಿಗೆ ವಾರಸುದಾರ ನಿಂತಿದ್ದ.

ಆಪರೇಷನ್, ಇಂಜೆಕ್ಷನ್, ನಾವು ಕರೆಂಟು ಎನ್ನುತ್ತಿದ್ದ ರೇಡಿಯೇಷನ್ ಎಲ್ಲ ಮುಗಿದ ಮೇಲೆ ಒಂದು ದಿನ ಡಾಕ್ಟರು ಸ್ಕ್ಯಾನಿನ ಫಿಲ್ಮು ನೋಡಿ, "ಸದ್ಯಕ್ಕೆ ಎಲ್ಲೂ ಏನೂ ಕಾಣಿಸ್ತಿಲ್ಲ" ಎಂದರು. ನಾನು ಕುರ್ಚಿಯ ತುದಿಗೆ ಬಂದು ಕೇಳಿದೆ, "ಹಂಗಾದ್ರೆ ವಾಸಿ ಆಯ್ತಾ ಡಾಕ್ಟ್ರೆ?"

ಅವರು ಒಳ್ಳೆಯವರು. ನಗುತ್ತಲೇ ಹೇಳಿದರು: "ಆ ಮಾತು ಇಷ್ಟು ಬೇಗ ನಾವು ಆಡಲ್ಲ. ಚೆಕಪ್‌ಗೆ ತಪ್ಪದೆ ಬರ್ತಾ ಇರಿ. ವರ್ಷಗಳು ಕಳೀಲಿ."

ಮನೆಯಲ್ಲಿ ಅಮ್ಮ ಕೇಳಿದ್ದೂ ಅದನ್ನೇ. "ವಾಸಿ ಅಂದ್ರಾ?"

"ಏನೂ ಕಾಣಿಸ್ತಿಲ್ವಂತೆ."

"ನಾನು ಕೇಳಿದ್ದು ಅದಲ್ಲಪ್ಪ."

ಅಮ್ಮನ ಕಷ್ಟ ನನಗೆ ಅರ್ಥವಾಗುತ್ತಿತ್ತು. ಅವಳ ಹರಕೆಯ ಮಾತು ಸ್ಪಷ್ಟವಾಗಿತ್ತು: ವಾಸಿಯಾದರೆ ಮುಡಿ. ಪರೀಕ್ಷೆ ಪಾಸಾಗುವುದು, ಕೆಲಸ ಕಾಯಂ ಆಗುವುದು, ಇವಕ್ಕೆಲ್ಲ ಒಂದು ದಿನ ಅಂತ ಇರುತ್ತದೆ. ಈ ಕಾಯಿಲೆ ವಾಸಿಯಾಗುವುದಕ್ಕೆ ದಿನವೇ ಇರಲಿಲ್ಲ. ಇಂದು ಕಾಣಿಸುತ್ತಿಲ್ಲ, ನಾಳೆಯ ಮಾತು ನಾಳೆಗೆ. ಇಂಥ ಕಾಯಿಲೆಗೆ ಹೇಗೆ ಹರಕೆ ಹೊರಬೇಕೆಂದು ಅಮ್ಮನಿಗೆ ಅವಳ ಹಿರಿಯರು ಹೇಳಿಕೊಟ್ಟಿರಲಿಲ್ಲ.

ಆ ಕಾಣಿಸದ ದಿನಗಳನ್ನು ಎಲ್ಲರೂ ಒಳ್ಳೆಯ ದಿನಗಳು ಎನ್ನುತ್ತಿದ್ದರು. ಗಂಡಾಂತರ ಕಳೆಯಿತು ಬಿಡಿ ಎಂದು ಫ್ಯಾಕ್ಟರಿಯಲ್ಲಿ ಬೆನ್ನು ತಟ್ಟಿದರು. ಅವರಿಗೇನು ಗೊತ್ತು. ಟ್ರೀಟ್ಮೆಂಟ್ ನಡೆಯುವಾಗ ನನಗೆ ಭಯಪಡಲು ಪುರುಸೊತ್ತೇ ಇರಲಿಲ್ಲ. ಮಾತ್ರೆ, ಗಂಜಿ, ಬಸ್ಸು, ರಕ್ತಪರೀಕ್ಷೆ ಎಂದು ಓಡಾಟವೇ ಆಗುತ್ತಿತ್ತು. ಎಲ್ಲ ಮುಗಿದು ಸುಮ್ಮನೆ ಕೂತಾಗ ಭಯ ಬಂದು ಪಕ್ಕದಲ್ಲಿ ಕೂತಿತು. ಫ್ಯಾಕ್ಟರಿಯಲ್ಲಿ ಫೋನನ್ನು ಗೇಟಿನಲ್ಲೇ ಇಟ್ಟು ಒಳಗೆ ಹೋಗಬೇಕು. ಊಟದ ಬೆಲ್ಲಾದರೆ ಉಳಿದವರು ಕ್ಯಾಂಟೀನಿಗೆ ಓಡುತ್ತಿದ್ದರು, ನಾನು ಗೇಟಿಗೆ. ಮಿಸ್ಡ್ ಕಾಲ್ ಇದ್ದರೆ ಅಲ್ಲೇ ನಿಂತು ವಾಪಸ್ ಮಾಡುತ್ತಿದ್ದೆ. ಬರ್ತಾ ಕೊತ್ತಂಬರಿ ತಗೊಂಡು ಬಾ ಎನ್ನುವಳು. ಕೊತ್ತಂಬರಿ ಸೊಪ್ಪಿಗೆ ಕಣ್ಣಲ್ಲಿ ನೀರು ಹಾಕಿಕೊಂಡ ಗಂಡಸು ಈ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಮನೆಯಲ್ಲಿ ಅವಳು ಕೆಮ್ಮಿದರೆ ನಾನು ಪೇಪರ್ ಕೆಳಗಿಡುತ್ತಿದ್ದೆ. ಅವಳಿಗೆ ರೇಗುತ್ತಿತ್ತು. "ಒಗ್ಗರಣೆ ಘಾಟಿಗೆ ಕೆಮ್ಮಿದ್ದು ಬಾವ. ನೀನೂ ಕೆಮ್ಮಿದ್ಯಲ್ಲ, ನಿಂಗೂ ಸ್ಕ್ಯಾನ್ ಮಾಡ್ಸಣ್ವಾ?" ಎನ್ನುವಳು. ಆದರೆ ಅವಳಿಗೂ ಭಯವಿತ್ತು. ಚೆಕಪ್ ಹತ್ತಿರ ಬಂತೆಂದರೆ ಅಟ್ಟ ಹತ್ತಿ ಹಿತ್ತಾಳೆ ಪಾತ್ರೆಗಳನ್ನೆಲ್ಲ ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಳು. ಹಬ್ಬ ಯಾವುದೂ ಇರುತ್ತಿರಲಿಲ್ಲ. ಆ ವಾರ ನಮ್ಮ ಮನೆಯಲ್ಲಿ ಯಾರೂ ಜಗಳವಾಡುತ್ತಿರಲಿಲ್ಲ, ಅದೇ ಒಂದು ಹೆದರಿಕೆ. ಏನೂ ಇಲ್ಲ ಎಂದು ಬಂದ ಮಾರನೇ ದಿನ ಅತ್ತೆ ಸೊಸೆ ಉಪ್ಪಿಗೋ ಹುಳಿಗೋ ತೆಲುಗಿನಲ್ಲಿ ಶುರು ಹಚ್ಚಿಕೊಂಡರೆ ನನ್ನ ಜೀವಕ್ಕೆ ತಂಪಾಗುತ್ತಿತ್ತು.

ಕೂದಲು ಬರತೊಡಗಿತು. ಮೊದಲು ಬೂದು ಬಣ್ಣದ ನವಿರು, ಆಮೇಲೆ ಕುರಿಮರಿಯ ಉಣ್ಣೆಯಂತೆ ಗುಂಗುರು ಗುಂಗುರಾಗಿ. ಅವಳಿಗೆ ಮೊದಲು ಗುಂಗುರಿರಲಿಲ್ಲ. ಕನ್ನಡಿಯ ಮುಂದೆ ನಿಂತು ಅದನ್ನು ಬೆರಳಿಗೆ ಸುತ್ತಿಕೊಂಡು, ಯಾರದೋ ಮಗು ಎತ್ತಿಕೊಂಡವಳ ಹಾಗೆ ನೋಡುತ್ತಿದ್ದಳು. ಕಿವಿ ಮುಚ್ಚುವಷ್ಟಾದಾಗ ಅಮ್ಮ ಶುರು ಮಾಡಿದಳು. ಇಷ್ಟಾದರೆ ಸಾಕು, ಹೋಗಿ ಬರೋಣ. ಬಾಕಿ ಇಟ್ಟುಕೊಳ್ಳಬಾರದು. ತಿಮ್ಮಪ್ಪ ಬಡ್ಡಿ ಸಮೇತ ವಸೂಲಿ ಮಾಡುವವನು, ಅವನ ಹತ್ತಿರ ಆಟ ಬೇಡ.

"ಡಾಕ್ಟ್ರು ವಾಸಿ ಅಂದಿಲ್ಲವಲ್ಲ ಅತ್ತೆ. ಆಗ್ಲಿ, ಕೊಡ್ತೀನಿ" ಎಂದಳು ಹೆಂಡತಿ.

ಅದು ನೆಪ. ನಿಜವಾದ ಕಾರಣ ನನಗೆ ಒಬ್ಬನಿಗೇ ಹೇಳಿದ್ದಳು. ಕೂದಲಿಲ್ಲದ ದಿನಗಳಲ್ಲಿ ಒಮ್ಮೆ ತವರಿಗೆ ಹೋಗಿದ್ದಳು. ತಲೆ ತುಂಬ ಸೆರಗು ಹೊದ್ದು ಜಗಲಿಯಲ್ಲಿ ಕೂತಿದ್ದಾಗ ಊರಿನ ಹೆಂಗಸರು ನೋಡಲು ಬಂದರು. ಮಾತಾಡುತ್ತ ಆಡುತ್ತ ಒಬ್ಬಳು ಅಯ್ಯೋ ಪಾಪ ಎಂದು ಸೆರಗನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ ನೋಡಿದಳು. ಕೆಟ್ಟವಳಲ್ಲ, ಕುತೂಹಲ. ಎಲ್ಲರೂ ನೋಡಿದರು. "ಒಂದೇ ಒಂದ್ಸಲ ಬಾವ, ಜಡೆ ಹಾಕ್ಕೊಂಡು, ಹೂ ಮುಡ್ಕೊಂಡು ಅದೇ ಊರಿಗೆ ಹೋಗಿ ಬರ್ಬೇಕು. ಆಮೇಲೆ ಅವನು ಏನ್ ಬೇಕಾದ್ರೂ ತಗೊಳ್ಳಲಿ" ಎಂದಳು. ಇಷ್ಟೇ ಅವಳ ಆಸೆ. ಚಿನ್ನ ಕೇಳಲಿಲ್ಲ, ಸೀರೆ ಕೇಳಲಿಲ್ಲ, ತನ್ನ ತಲೆಯ ಮೇಲಿನ ಕೂದಲನ್ನು ಸ್ವಲ್ಪ ದಿನ ಇಟ್ಟುಕೊಳ್ಳಲು ಕೇಳಿದಳು.

ಅವಳಿಗೆ ಸೊಂಟ ಹಿಡಿದರೆ ಅಮ್ಮ ದೇವರ ಗೂಡಿನ ಕಡೆ ನೋಡುತ್ತಿದ್ದಳು. ತಲೆನೋವು ಎಂದರೂ ಅದೇ ನೋಟ. ನಾನು ನಡುವೆ ಬಾಯಿ ಹಾಕಿ, ಈಗ ಮೂರು ಕತ್ತರಿ ಹಾಕಿಸೋಣ, ಹೆಂಗಸರಿಗೆ ಅದು ನಡೆಯುತ್ತದಲ್ಲ ಎಂದೆ. "ನಾನು ಮುಡಿ ಅಂದಿದ್ದೆ ಕಣಪ್ಪ, ತುದಿ ಅಂದಿರ್ಲಿಲ್ಲ" ಎಂದು ಅಮ್ಮ ನನ್ನನ್ನು ಕೂರಿಸಿದಳು. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೆ ದಿಗಿಲಿತ್ತು. ದೇವರನ್ನು ನಂಬುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ಆದರೆ ಅವಳ ವಿಷಯದಲ್ಲಿ ಯಾರ ಮುಲಾಜಿನಲ್ಲೂ ಇರುವುದು ಬೇಡ ಅನಿಸುತ್ತಿತ್ತು. ಹಾಗೆಂದು ಅವಳ ಮುಂದೆ ಬಾಯಿ ಬಿಡುವ ಧೈರ್ಯ ಬರಲಿಲ್ಲ. ಆ ಗುಂಗುರು ಕೂದಲನ್ನು ಅವಳು ಬಾಚುವುದನ್ನು ದಿನಾ ನೋಡುತ್ತಿದ್ದೆ.

ಕೊನೆಗೆ ಅವಳ ಅಣ್ಣನ ಮಗಳ ಮದುವೆ ಗೊತ್ತಾಯಿತು. ಅವರದು ರೇಷ್ಮೆ ಮನೆ. ಹುಳು ಗೂಡು ಕಟ್ಟಿ, ಗೂಡು ಮಾರ್ಕೆಟ್ಟಿಗೆ ಹೋಗಿ, ಮುಂದಿನ ಬೆಳೆ ಮನೆಗೆ ಬರುವ ನಡುವಿನ ಬಿಡುವಿನಲ್ಲಿ ಮುಹೂರ್ತ ಇಟ್ಟಿದ್ದರು. ಅಷ್ಟು ಹೊತ್ತಿಗೆ ಕೂದಲು ಹೆಗಲ ಕೆಳಗಿಳಿದು ಗುಂಗುರೂ ಸಡಿಲವಾಗಿತ್ತು. ಅಮ್ಮ ಏನು ಅನ್ನುತ್ತಾಳೋ ಎಂದು ನಾನು ಕಾಯುತ್ತಿದ್ದೆ. ಹೊರಡುವ ಬೆಳಿಗ್ಗೆ ಅವಳು ಎಣ್ಣೆ ಬಟ್ಟಲು ಹಿಡಿದು ಮೆಟ್ಟಿಲ ಮೇಲೆ ಕೂತು, "ಬಾಮ್ಮ ಇಲ್ಲಿ, ನಿಂಗೆ ನೆಟ್ಟಗೆ ಬೈತಲೆ ತೆಗಿಯೋಕೆ ಬರಲ್ಲ" ಎಂದು ಕರೆದಳು. ಚೋಟುದ್ದದ ಜಡೆ. ಅದಕ್ಕೆ ಚೌಲಿ ಸೇರಿಸಲೇ ಎಂದು ಕೇಳಿದರೆ ಹೆಂಡತಿ ಬೇಡವೆಂದಳು. ಇರುವಷ್ಟೇ ಸಾಕು, ನನ್ನದೇ ಆಗಿರಲಿ ಎಂದಳು. ಅಮ್ಮ ಕನಕಾಂಬರ ಮುಡಿಸಿದಳು. ಆ ಜಡೆಗೆ ಹೂವೇ ಭಾರವಾಗಿತ್ತು.

ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ, ಶಿಡ್ಲಘಟ್ಟದ ಮೇಲೆ ಚಿಂತಾಮಣಿಯ ಛತ್ರಕ್ಕೆ ಹೋದೆವು. ಅವಳು ಸೆರಗು ಹೊದೆಯಲಿಲ್ಲ. ಅವಳ ಊರಿನ ಹೆಂಗಸರೆಲ್ಲ ಅಲ್ಲಿಗೇ ಬಂದು ಜಡೆ ಮುಟ್ಟಿ ಮುಟ್ಟಿ ನೋಡಿದರು. ಆವತ್ತು ಸೆರಗು ಸರಿಸಿದವಳೂ ಬಂದು ದೃಷ್ಟಿ ತೆಗೆದು ನೆಟಿಕೆ ಮುರಿದಳು. ನನ್ನ ಹೆಂಡತಿ ಸುಮ್ಮಸುಮ್ಮನೆ ಆ ಕಡೆ ಈ ಕಡೆ ಓಡಾಡಿದಳು, ಬೇಕಂತಲೇ ಎಲ್ಲರಿಗೂ ಬೆನ್ನು ತೋರಿಸಿಕೊಂಡು. ಇಂಥ ಜಂಬವನ್ನು ನಾನು ಮದುವೆ ಹೆಣ್ಣಿನಲ್ಲೂ ಕಾಣಲಿಲ್ಲ. ಎಷ್ಟೋ ಕಾಲದ ಮೇಲೆ ಅವತ್ತು ನನಗೆ ಜೋರಾಗಿ ಹಸಿವಾಯಿತು.

ಅವಳು ತವರಿನ ಮುದುಕಿಯರ ಜೊತೆ ನೆಲದ ಪಂಕ್ತಿಯಲ್ಲಿ ಕೂತಿದ್ದಳು. ಊಟ ಮುಗಿದಾಗ ಎಲ್ಲರೂ ಎದ್ದರು. ಅವಳು ಏಳಲಿಲ್ಲ. ಗೋಡೆಗೆ ಕೈಯೂರಿ, ತುಟಿ ಕಚ್ಚಿ, ಸ್ವಲ್ಪ ಸ್ವಲ್ಪವೇ ಎದ್ದಳು. ನಾನು ದೂರದಿಂದ ನೋಡುತ್ತಿದ್ದುದನ್ನು ಕಂಡು, "ಕಾಲು ಜೋಮು ಹಿಡೀತು ಬಾವ" ಎಂದಳು. ನಾನು ಆಯ್ತು ಎಂದೆ. ಇಬ್ಬರಿಗೂ ಗೊತ್ತಾಗಿತ್ತು.

ಸ್ಕ್ಯಾನಿನಲ್ಲಿ ಸೊಂಟದ ಮೂಳೆಯಲ್ಲಿ ಕಾಣಿಸಿತು, ಬೆನ್ನುಮೂಳೆಯಲ್ಲೂ. ಡಾಕ್ಟರು ಕುರ್ಚಿಯನ್ನು ಅವಳ ಹತ್ತಿರ ಎಳೆದುಕೊಂಡು ಕೂತರು, ಅದರಲ್ಲೇ ತಿಳಿಯಿತು. ಮತ್ತೆ ಇಂಜೆಕ್ಷನ್ ಶುರು ಮಾಡಬೇಕು ಎಂದರು. ಈ ಸಲ ಪೂರ್ತಿ ಹೋಗಲಾಡಿಸಲು ಆಗುವುದಿಲ್ಲ, ಹಿಡಿದಿಟ್ಟುಕೊಳ್ಳಲು ನೋಡೋಣ ಎಂದರು. ನಾನು ಏನೇನೋ ಕೇಳಿದೆ. ಅವಳು ಕೇಳಿದ್ದು ಒಂದೇ.

"ಈ ಇಂಜೆಕ್ಷನ್‌ಗೂ ಕೂದಲು ಹೋಗುತ್ತಾ ಡಾಕ್ಟ್ರೆ?"

"ಹೋಗುತ್ತಮ್ಮ" ಎಂದರು.

ಬೆಂಗಳೂರಿನಿಂದ ಹಿಂದೂಪುರದ ಪ್ಯಾಸೆಂಜರ್ ರೈಲು ಹತ್ತಿದೆವು. ಅವಳು ಕಿಟಕಿಯ ಪಕ್ಕ ಕೂತಳು. ನಾನು ಟವಲಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದೆ. ಎದುರಿಗೆ ಕೂತವರು ಬೇರೆ ಕಡೆ ನೋಡುತ್ತಿದ್ದರು. ದೊಡ್ಡಬಳ್ಳಾಪುರ ದಾಟಿದ ಮೇಲೆ ಅವಳು ನನ್ನ ಮೊಣಕೈ ಹಿಡಿದು, "ಇಂಜೆಕ್ಷನ್ ಶುರು ಮಾಡೋಕ್ ಮುಂಚೆ ತಿಮ್ಮಪ್ಪನ ಬೆಟ್ಟಕ್ಕೆ ಹೋಗಣ ಬಾವ" ಎಂದಳು.

ಅಮ್ಮ ಇದಕ್ಕೆ ಕುಣಿದು ಒಪ್ಪುತ್ತಾಳೆ ಎಂದುಕೊಂಡಿದ್ದೆ. ಇಷ್ಟು ದಿನ ಅವಳು ಕೇಳಿದ್ದು ಅದನ್ನೇ ತಾನೆ. ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದವಳು ಎಲ್ಲ ಕೇಳಿಸಿಕೊಂಡಳು. ಮೂಳೆಯ ಮಾತು ಕೇಳಿಯೂ ಅಳಲಿಲ್ಲ. ಬೆಟ್ಟದ ಮಾತು ಬಂದಾಗ ಮೊರ ಪಕ್ಕಕ್ಕಿಟ್ಟು ಹೆಂಡತಿಯ ಎರಡೂ ಕೈ ಹಿಡಿದುಕೊಂಡಳು.

"ವದ್ದಮ್ಮಾ, ವದ್ದು" ಎಂದಳು. ಬೇಡ ಬೇಡ ಎಂದು ತಲೆಯನ್ನೂ ಆಡಿಸಿದಳು. ಆಮೇಲೆ ನನಗೂ ತಿಳಿಯಲೆಂದೋ ಏನೋ ಕನ್ನಡಕ್ಕೆ ಬಂದಳು. "ವಾಸಿ ಆದ್ಮೇಲೆ ಕೊಡಿಸ್ತೀನಿ ಅಂದಿದ್ದು ನಾನು. ಈಗ ಕೊಟ್ಬಿಟ್ರೆ ಅವನ ಲೆಕ್ಕ ಮುಗ್ದೋಯ್ತದೆ. ಬಾಕಿ ಇರ್ಲಿ ಕಣಮ್ಮ. ಬಾಕಿ ಇದ್ರೆ ತಾನೆ ಅವನು ಕಾಯ್ಕೊಂಡಿರ್ತಾನೆ. ನಿನ್ನ ಬಿಡಲ್ಲ ಅವನು, ಬರಬೇಕಾಗಿರೋದು ಐತಲ್ಲ, ಬಿಡಲ್ಲ."

ಬಾಕಿ ಇಟ್ಟುಕೊಳ್ಳಬಾರದು ಎಂದು ನಮ್ಮ ಪ್ರಾಣ ತಿಂದ ಅಮ್ಮ ಇವಳೇ. ದೇವರನ್ನೇ ಸತಾಯಿಸಿ ಸೊಸೆಯನ್ನು ಉಳಿಸಿಕೊಳ್ಳಲು ಹೊರಟಿದ್ದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ನಿಲ್ಲದೆ ಇರಲೂ ಆಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ವಾಸಿ ಅನ್ನೋ ದಿನ ಇನ್ನು ಬರಲ್ಲ ಅತ್ತೆ" ಎಂದಳು ಹೆಂಡತಿ. ಸಿಟ್ಟಿಲ್ಲದೆ, ಮಗುವಿಗೆ ಹೇಳುವ ಹಾಗೆ. "ಕೂದ್ಲು ಹೆಂಗೂ ಹೋಗುತ್ತೆ. ಹೋದ್ಸಲ ದಿಂಬಿನ ಮೇಲೆ, ಬಚ್ಚಲಲ್ಲಿ ಹೋಯ್ತು. ಈ ಸಲ ನಾನೇ ಕೈಯಾರೆ ಕೊಡ್ತೀನಿ. ಕಾಯ್ಲೆಗೆ ಮಾತ್ರ ಕೊಡಲ್ಲ."

ಅಮ್ಮ ಬೆಟ್ಟಕ್ಕೆ ಬರಲಿಲ್ಲ. ನಾವು ಹೊರಟಾಗ ಹೊಸ್ತಿಲಿಗೂ ಬರಲಿಲ್ಲ.

ಬೆಟ್ಟದ ಮೇಲೆ ಮುಡಿ ಕೊಡುವ ಕಲ್ಯಾಣಕಟ್ಟೆಯಲ್ಲಿ ಹೆಂಗಸರ ಮುಡಿ ತೆಗೆಯುವುದು ಹೆಂಗಸರೇ. ನಮ್ಮ ಪಾಲಿಗೆ ಬಂದವಳು ನಡುವಯಸ್ಸಿನವಳು, ಹಣೆ ತುಂಬ ಕುಂಕುಮ ಇಟ್ಟವಳು. ಕೆಳಗೆ ಕೂರಲು ನನ್ನ ಹೆಂಡತಿಗೆ ಕಷ್ಟವಾಯಿತು. ನಾನು ತೋಳು ಹಿಡಿದು ಕೂರಿಸಿ, ಒಂದು ಹೆಜ್ಜೆ ಹಿಂದೆ ನಿಂತೆ. ಆ ಹೆಂಗಸು ಕೂದಲಿಗೆ ನೀರು ಚಿಮುಕಿಸಿ, ಒದ್ದೆ ಮಾಡಿ, ಬ್ಲೇಡು ಹೊಸದು ಹಾಕಿ ತೋರಿಸಿದಳು. ಮುಡಿಯನ್ನು ಕೈಯಲ್ಲಿ ಹಿಡಿದು, ಇಷ್ಟು ಚೆನ್ನಾಗಿರುವ ಕೂದಲು, ಏನು ಹರಕೆಯಮ್ಮ ಎಂದು ತೆಲುಗಿನಲ್ಲಿ ಕೇಳಿದಳು. ದಿನಕ್ಕೆ ಎಷ್ಟು ಜನರನ್ನು ಕೇಳುತ್ತಾಳೋ, ಮಾತಿಗೆ ಕೇಳಿದ್ದು.

"ಕಾಯ್ಲೆ ಬಂದಿತ್ತು" ಎಂದಳು ನನ್ನ ಹೆಂಡತಿ, ಅವಳೂ ತೆಲುಗಿನಲ್ಲೇ.

"ಇಪ್ಪುಡು?" ಎಂದಳು ಆಕೆ. ಈಗ?

"ನಯಮೈಂದಿ" ಎಂದಳು. ವಾಸಿಯಾಯಿತು.

ಆಕೆಯ ಮುಖ ಅರಳಿತು. ಎಡಗೈಯನ್ನು ಅವಳ ನೆತ್ತಿಯ ಮೇಲಿಟ್ಟು, ಚೆನ್ನಾಗಿ ಬಾಳು ತಾಯಿ ಎಂದು ಹರಸಿ, ಮುಂಭಾಗದಿಂದ ಬ್ಲೇಡು ಎಳೆಯತೊಡಗಿದಳು. ಅವಳು ತಲೆ ಬಗ್ಗಿಸಿ ಕೂತಿದ್ದಳು. ಒದ್ದೆ ಗುಂಗುರುಗಳು ಮಡಿಲಿಗೆ ಬಿದ್ದವು. ಬೋಳಾದ ಕತ್ತಿನ ಹಿಂದೆ, ಮದುವೆಯಾದ ಹೊಸದರಲ್ಲಿ ನಾನು ಮೊದಲು ಕಂಡಿದ್ದ ಒಂದು ಮಚ್ಚೆ ಮತ್ತೆ ಎಲ್ಲರಿಗೂ ಕಾಣುವಂತಾಯಿತು.

ಎದ್ದು ಬಂದವಳ ತಲೆಯನ್ನು ನಾನು ಟವಲಿನಿಂದ ಒರೆಸಿದೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನನ್ನ ಮುಖ ನೋಡಿದಳು.

"ಸುಳ್ಳು ಹೇಳ್ದೆ ಬಾವ" ಎಂದಳು. "ಒಂದ್ಸಲ ಆ ಮಾತು ನನ್ನ ಬಾಯಲ್ಲಿ ಹೆಂಗೆ ಕೇಳ್ಸುತ್ತೆ ನೋಡಣ ಅನ್ನಿಸ್ತು."